ಲಿಂಕ್ ಒತ್ತಿದವರು ಯಾರ ಬಾಗಿಲಲ್ಲಿ ಇಳಿಯುತ್ತಾರೆ?

ಮುರ್ಡೇಶ್ವರದಲ್ಲಿ ಲಾಡ್ಜ್, ಹೋಮ್‌ಸ್ಟೇ, ಖಾನಾವಳಿ, ದೋಣಿ, ಸ್ಕೂಬಾ ಡೈವಿಂಗ್ ನಡೆಸುತ್ತಿರುವ ಎಲ್ಲರಿಗೂ, ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ನಮ್ಮದೇ ಕಸುಬಿನವರಿಗೂ,



ಕಳೆದ ದಸರಾ ರಜೆಯಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ರಾತ್ರಿ ಒಂಬತ್ತೂವರೆ ಹೊತ್ತಿಗೆ ನಮ್ಮೂರಿನ ಲಾಡ್ಜ್ ಮಾಲಕರೊಬ್ಬರು ಫೋನ್ ಮಾಡಿದರು; ಅವರ ಜಾಹೀರಾತು ನೋಡಿಕೊಳ್ಳುವವನು ನಾನೇ. "ತಮ್ಮಾ, ದಿನಾ ದುಡ್ಡು ಕಟ್ ಆಗ್ತಾ ಅದೆ, ಎನ್‌ಕ್ವೈರಿ ಮಾತ್ರ ಒಂದೂ ಇಲ್ಲ. ಎಂತ ಆಗಿದೆ ಅಂತ ಒಂದ್ಸಲ ಬಂದು ನೋಡು." ಹೋದೆ. ದೇವಸ್ಥಾನದ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದಷ್ಟು ಜನ. ಅಕ್ಕಪಕ್ಕದ ಲಾಡ್ಜುಗಳಲ್ಲಿ ರೂಮ್ ಇಲ್ಲ ಎಂದು ಹೇಳಿ ಹೇಳಿ ಹುಡುಗರಿಗೆ ಸಾಕಾಗಿತ್ತು. ಇವರ ಕೌಂಟರಿನ ಹಿಂದಿನ ಹಲಗೆಯಲ್ಲಿ ಆರು ಬೀಗದ ಕೈಗಳು ಹಾಗೇ ತೂಗುತ್ತಿದ್ದವು.

ಅವರ ಜಾಹೀರಾತನ್ನು ನನ್ನ ಫೋನಿನಲ್ಲಿ ತೆಗೆದು ಒತ್ತಿದೆ. ಚಿತ್ರದಲ್ಲಿ ತೆರೆದ ಕಿಟಕಿ, ಆಚೆಗೆ ಕಡಲು. ಕೆಳಗೆ "ಇಬ್ಬರಿಗೆ ಸಮುದ್ರ ಕಾಣುವ ರೂಮ್, ಇವತ್ತೇ ಬುಕ್ ಮಾಡಿ" ಎಂಬ ಸಾಲು. ಒತ್ತಿದ ಮೇಲೆ ಬಹಳ ಹೊತ್ತು ಬಿಳಿ ಪರದೆ. ಆಮೇಲೆ ಡ್ರೋನ್‌ನಿಂದ ತೆಗೆದ ಶಿವನ ಮೂರ್ತಿಯ ವಿಡಿಯೊ ಸುತ್ತತೊಡಗಿತು. ಅದರ ಕೆಳಗೆ ಕ್ಷೇತ್ರದ ಇತಿಹಾಸ. ಇನ್ನೂ ಕೆಳಗೆ ಮಾಲಕರ ಸಂದೇಶ. ರೂಮ್ ಎಲ್ಲೂ ಇಲ್ಲ, ಬಾಡಿಗೆ ಇಲ್ಲ, ಫೋನ್ ನಂಬರು ಪುಟದ ತೀರಾ ತಳದಲ್ಲಿ ಸಣ್ಣ ಅಕ್ಷರದಲ್ಲಿ. ಹಾವೇರಿಯಿಂದಲೋ ದಾವಣಗೆರೆಯಿಂದಲೋ ಹೊರಟು, ಘಟ್ಟ ಇಳಿಯುತ್ತಾ, ಮಡಿಲಲ್ಲಿ ಮಗು ಮಲಗಿಸಿಕೊಂಡು ರೂಮ್ ಹುಡುಕುತ್ತಿರುವ ತಾಯಿ ಅಷ್ಟು ಕೆಳಗಿನವರೆಗೆ ಬೆರಳು ಆಡಿಸುವುದಿಲ್ಲ. ಹಿಂದಕ್ಕೆ ಹೋಗಿ ಮುಂದಿನ ಲಾಡ್ಜ್ ನೋಡುತ್ತಾಳೆ.

ಆದದ್ದು ಇಷ್ಟೇ. ಆಗಸ್ಟ್‌ನಲ್ಲಿ ಅವರ ವೆಬ್‌ಸೈಟನ್ನು ಹೊಸದಾಗಿ ಮಾಡಿಸಿದ್ದರು. ರೂಮ್‌ಗಳ ಪುಟದ ವಿಳಾಸ ಬದಲಾಗಿತ್ತು. ಹಳೆಯ ವಿಳಾಸಕ್ಕೆ ಬಂದವರನ್ನೆಲ್ಲ ಸೈಟ್ ಮಾಡಿದವರು ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಂಡಿದ್ದರು. ಹಾಗೆ ತಿರುಗಿಸುವಾಗ ಲಿಂಕಿನ ಬಾಲಕ್ಕೆ ನಾವು ಕಟ್ಟಿದ್ದ ಗುರುತೂ ಕಳಚಿ ಬಿದ್ದಿತ್ತು. ಹೀಗಾಗಿ ಜಾಹೀರಾತು ನೋಡಿ ಬಂದವರೆಲ್ಲ ಲೆಕ್ಕದಲ್ಲಿ "ನೇರವಾಗಿ ಬಂದವರು" ಎಂದು ಸೇರಿಕೊಂಡಿದ್ದರು. ಜಾಹೀರಾತಿನ ಖಾತೆಯಲ್ಲಿ ಸೊನ್ನೆ. ಆ ಸೊನ್ನೆಯನ್ನು ನೋಡಿ ಮಾಲಕರು, ಜಾಹೀರಾತು ನಿಲ್ಲಿಸಿ ನಾಲ್ಕು ರೂಮ್‌ಗಳನ್ನು ಕಮಿಷನ್ ಮೇಲೆ ಹೊರಗಿನವರಿಗೆ ಬಿಟ್ಟುಕೊಡುವ ಯೋಚನೆಯಲ್ಲಿದ್ದರು.

ಸರಿ ಮಾಡಲು ಹತ್ತು ನಿಮಿಷ ಹಿಡಿಯಿತು. ರಜೆ ಆಗಲೇ ಮುಗಿಯುತ್ತ ಬಂದಿತ್ತು; ಹೋದ ದಿನಗಳು ಹೋದದ್ದೇ. ಸೈಟ್ ಬದಲಾದದ್ದು ನನಗೆ ಗೊತ್ತಿರಲಿಲ್ಲ. ತಿಂಗಳಿಗೊಮ್ಮೆ ಕೇಳಿದ್ದರೆ ಗೊತ್ತಾಗುತ್ತಿತ್ತು, ನಾನು ಕೇಳಿರಲಿಲ್ಲ. ಆ ರಾತ್ರಿ ಮನೆಗೆ ಹೋಗುವಾಗಲೇ ಈ ಪತ್ರ ಬರೆಯಬೇಕೆಂದು ಅನ್ನಿಸಿತ್ತು. ಏಕೆಂದರೆ ಇದು ಒಬ್ಬರ ಮನೆಯ ಕಥೆ ಅಲ್ಲವೇ ಅಲ್ಲ.

ಲಿಂಕ್ ಎಂದರೆ ಏನೆಂದು ನಮ್ಮ ಕಸುಬಿನ ಮಾತಲ್ಲೇ ಹೇಳುತ್ತೇನೆ. ನಿಮ್ಮ ಕೌಂಟರಿನ ಮೇಲೆ ದೊಡ್ಡ ರಿಜಿಸ್ಟರ್ ಇದೆಯಲ್ಲ, ಅದರಲ್ಲಿ ಹೆಸರು, ಊರು ಬರೆಸಿದ ಮೇಲೆ ಎರಡು ಕಾಲಂ ಇರುತ್ತವೆ: ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ. ಲಿಂಕಿನಲ್ಲೂ ಇವೇ ಎರಡು ಭಾಗ. ಮೊದಲ ಭಾಗ ನಿಮ್ಮ ಪುಟದ ವಿಳಾಸ, ಅಂದರೆ ಗಿರಾಕಿ ಹೋಗಬೇಕಾದ ಜಾಗ. ಅದಾದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆಯ ನಂತರ ನಾವು ಕಟ್ಟುವ ಗುರುತುಗಳೇ ಎಲ್ಲಿಂದ ಬಂದರು ಎಂಬ ಕಾಲಂ. ಫೇಸ್‌ಬುಕ್‌ನಿಂದಲೋ ಗೂಗಲ್‌ನಿಂದಲೋ, ದುಡ್ಡು ಕೊಟ್ಟ ಜಾಹೀರಾತೋ ಸುಮ್ಮನೆ ಹಾಕಿದ ಪೋಸ್ಟೋ, ದಸರಾದ್ದೋ ಕ್ರಿಸ್‌ಮಸ್ ರಜೆಯದ್ದೋ, ಯಾವ ಚಿತ್ರ ನೋಡಿ ಒತ್ತಿದರು, ಯಾವ ಪದ ಹುಡುಕಿ ಬಂದರು, ಹೀಗೆ ಐದು ಗುರುತು. ಇವಕ್ಕೆ ಯುಟಿಎಂ ಎನ್ನುತ್ತಾರೆ. ಅರ್ಚಿನ್ ಎಂಬ ಕಂಪನಿಯ ಲೆಕ್ಕದ ಸಾಫ್ಟ್‌ವೇರನ್ನು ಗೂಗಲ್ 2005ರಲ್ಲಿ ಕೊಂಡುಕೊಂಡಿತು, ಅದೇ ಗೂಗಲ್ ಅನಾಲಿಟಿಕ್ಸ್ ಆಯಿತು. ಯುಟಿಎಂನ ಮೊದಲ ಅಕ್ಷರ ಆ ಅರ್ಚಿನ್‌ನದು.

ಈ ಐದರ ಜೊತೆಗೆ, ನಾವು ಹೇಳದಿದ್ದರೂ, ಗೂಗಲ್ ತನ್ನ ಜಾಹೀರಾತಿನ ಪ್ರತಿ ಕ್ಲಿಕ್ಕಿಗೆ ಜಿಸಿಎಲ್‌ಐಡಿ ಎಂಬ ಒಂದು ಉದ್ದನೆಯ ಗುರುತನ್ನು ಅಂಟಿಸಿ ಕಳಿಸಬಲ್ಲದು. ಫೇಸ್‌ಬುಕ್‌ನವರದು ಎಫ್‌ಬಿಸಿಎಲ್‌ಐಡಿ. ವಿಳಾಸದ ತುದಿಯಲ್ಲಿ ಅರ್ಥವಾಗದ ಅಕ್ಷರಗಳ ಸರ ಕಂಡರೆ ವೈರಸ್ ಇರಬಹುದೆಂದು ಹೆದರಿ ಕೆಲವರು ಅಳಿಸಿಬಿಡುತ್ತೀರಿ. ದಯಮಾಡಿ ಅಳಿಸಬೇಡಿ. ಆದರೆ ಇನ್ನೊಂದು ಮಾತು: ನಿಮ್ಮ ಲಿಂಕನ್ನು ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸುವಾಗ ಜಾಹೀರಾತನ್ನೇ ಒತ್ತಿ, ಬಂದ ವಿಳಾಸವನ್ನು ಬಾಲದ ಸಮೇತ ನಕಲು ಮಾಡಿ ಕಳಿಸಬೇಡಿ. ಆ ಬಾಲ ಹೋದಲ್ಲೆಲ್ಲ "ನಾನು ಜಾಹೀರಾತಿನಿಂದ ಬಂದೆ" ಎಂದೇ ಹೇಳುತ್ತದೆ. ನಿಮ್ಮ ಭಾವ ಮುಂಬಯಿಯಿಂದ ಒತ್ತಿದ್ದೂ ಜಾಹೀರಾತಿನ ಫಲ ಎಂದು ಲೆಕ್ಕಕ್ಕೆ ಬಿದ್ದುಬಿಡುತ್ತದೆ.

ನಾನು ದಿನವೂ ನೋಡುವ ಸಣ್ಣ ಸಣ್ಣ ತಪ್ಪುಗಳಿವೆ. ಪ್ರಶ್ನಾರ್ಥಕ ಚಿಹ್ನೆ ಒಂದು ಲಿಂಕಿನಲ್ಲಿ ಒಂದೇ ಇರಬೇಕು, ಮುಂದಿನ ಗುರುತುಗಳನ್ನು "ಮತ್ತು" ಎಂಬ ಚಿಹ್ನೆಯಿಂದ ಸೇರಿಸಬೇಕು. ಬುಕಿಂಗ್ ಸಾಫ್ಟ್‌ವೇರ್ ಕೊಟ್ಟ ಲಿಂಕಿನಲ್ಲಿ ಮೊದಲೇ ಒಂದು ಪ್ರಶ್ನಾರ್ಥಕ ಇರುತ್ತದೆ. ಅದರ ತುದಿಗೆ ನಾವು ಇನ್ನೊಂದು ಪ್ರಶ್ನಾರ್ಥಕ ಹಾಕಿ ಗುರುತು ಅಂಟಿಸುತ್ತೇವೆ. ಪುಟ ತೆರೆಯುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ, ದಿನಾಂಕ ಆರಿಸಲು ಹೋದಾಗ ಕೈಕೊಡುತ್ತದೆ. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ ಎಂಬುದೂ ಹಾಗೆಯೇ. ಒಂದು ತಿಂಗಳು ದೊಡ್ಡಕ್ಷರದಿಂದ ಶುರುವಾಗುವ ಫೇಸ್‌ಬುಕ್, ಇನ್ನೊಂದು ತಿಂಗಳು ಸಣ್ಣಕ್ಷರದ ಫೇಸ್‌ಬುಕ್, ಮತ್ತೊಂದು ತಿಂಗಳು ಬರೇ ಎಫ್‌ಬಿ ಎಂದು ಬರೆದರೆ ವರ್ಷದ ಕೊನೆಗೆ ಒಂದೇ ಗಿರಾಕಿ ಮೂರು ಊರಿನವನಾಗಿ ಕಾಣುತ್ತಾನೆ. ನಾನು ಎಲ್ಲವನ್ನೂ ಸಣ್ಣಕ್ಷರದಲ್ಲೇ, ನಡುವೆ ಜಾಗ ಬಿಡದೆ ಬರೆಯುತ್ತೇನೆ. ಜಾಗ ಬಿಟ್ಟರೆ ವಾಟ್ಸಾಪ್‌ನಲ್ಲಿ ಲಿಂಕ್ ಅಲ್ಲಿಗೇ ತುಂಡಾಗುತ್ತದೆ.

ಕನ್ನಡದಲ್ಲಿ ಪುಟದ ವಿಳಾಸ ಇಡಬೇಕೆಂಬ ಆಸೆ ಕೆಲವರಿಗಿದೆ. ನನಗೂ ಇತ್ತು. ಒಂದು ಸಲ ಹಾಗೆ ಮಾಡಿ ನೋಡಿದೆ. ಒಳಗೊಳಗೆ ಕಂಪ್ಯೂಟರ್ ಕನ್ನಡದ ಒಂದೊಂದು ಚಿಹ್ನೆಯನ್ನು ಮೂರು ತುಂಡು ಮಾಡುತ್ತದೆ, ಒಂದೊಂದು ತುಂಡನ್ನು ಶೇಕಡಾ ಗುರುತು ಸೇರಿ ಮೂರು ಅಕ್ಷರಗಳಲ್ಲಿ ಬರೆಯುತ್ತದೆ. "ಮುರ್ಡೇಶ್ವರ" ಎಂಬ ಪದದಲ್ಲಿ ಮ, ಉಕಾರ, ರ, ಅರ್ಧಾಕ್ಷರದ ಗುರುತು ಎಂದು ಎಣಿಸುತ್ತ ಹೋದರೆ 10 ಚಿಹ್ನೆಗಳು. ಲಿಂಕನ್ನು ನಕಲು ಮಾಡಿ ಅಂಟಿಸಿದಾಗ ಅದು 90 ಅಕ್ಷರಗಳ ಶೇಕಡಾ ಗುರುತಿನ ಸಾಲಾಗಿ ಹೊರಬರುತ್ತದೆ. ನೋಡಿದವರು ಮೋಸದ ಲಿಂಕ್ ಎಂದೇ ತಿಳಿಯುತ್ತಾರೆ. ಹೀಗಾಗಿ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿರಲಿ, ಪುಟದ ಒಳಗಿನದೆಲ್ಲ ಚೊಕ್ಕ ಕನ್ನಡದಲ್ಲಿರಲಿ ಎಂಬುದು ನನ್ನ ಅಭಿಪ್ರಾಯ. ಬಾಡಿಗೆ, ಬಿಸಿನೀರು, ಕಾರು ನಿಲ್ಲಿಸುವ ಜಾಗ, ಲಿಫ್ಟ್ ಇದೆಯೋ ಇಲ್ಲವೋ ಎಂಬುದನ್ನು ಕನ್ನಡದಲ್ಲಿ ಓದಿದ ಅಜ್ಜ ಅಜ್ಜಿಯರೇ ಮನೆಮಂದಿಗೆ "ಇಲ್ಲಿಗೇ ಫೋನ್ ಮಾಡು" ಎನ್ನುತ್ತಾರೆ.

ಚಿತ್ರದ ಗುರುತಿನ ಬಗ್ಗೆಯೂ ಹೇಳಬೇಕು. ನಮ್ಮೆಲ್ಲರ ಜಾಹೀರಾತಿನಲ್ಲೂ ಅದೇ 123 ಅಡಿಯ ಶಿವ, ಅದೇ 20 ಅಂತಸ್ತಿನ ರಾಜಗೋಪುರ. ಆರ್.ಎನ್. ಶೆಟ್ಟರು ಕಟ್ಟಿಸಿದ ಅವೆರಡರಿಂದಲೇ ಈ ಊರಿನ ಹೆಸರು ದೇಶದುದ್ದಕ್ಕೂ ಹೋಯಿತು, ನಮ್ಮೆಲ್ಲರ ಒಲೆ ಉರಿಯುವುದೂ ಅದರ ಋಣದಲ್ಲೇ. ಆದರೆ ಬರುವವರು ಮೂರ್ತಿಯನ್ನು ನೋಡಲು ಹೇಗೂ ಬರುತ್ತಾರೆ. ನಿಮ್ಮಲ್ಲೇ ಯಾಕೆ ಇಳಿಯಬೇಕು ಎಂಬುದಕ್ಕೆ ಮೂರ್ತಿಯ ಚಿತ್ರ ಉತ್ತರ ಕೊಡುವುದಿಲ್ಲ. ಒಂದು ಹೋಮ್‌ಸ್ಟೇಗೆ ನಾನು ಎರಡು ಚಿತ್ರ ಹಾಕಿ, ಎರಡಕ್ಕೂ ಬೇರೆ ಬೇರೆ ಗುರುತು ಕಟ್ಟಿದೆ. ಒಂದರಲ್ಲಿ ಸಂಜೆಯ ಬೆಳಕಿನ ಶಿವ. ಇನ್ನೊಂದರಲ್ಲಿ ತೊಳೆದ ಬಚ್ಚಲುಮನೆ, ಅಂಗಳದಲ್ಲಿ ನಿಂತ ಎರಡು ಕಾರು. ಶಿವನ ಚಿತ್ರವನ್ನು ಒತ್ತಿದವರು ಹೆಚ್ಚು, ಫೋನ್ ಮಾಡಿದವರು ಮಾತ್ರ ಬಚ್ಚಲುಮನೆ ನೋಡಿದವರಲ್ಲಿ ಹೆಚ್ಚು. ಗುರುತು ಕಟ್ಟದೆ ಇದ್ದಿದ್ದರೆ ಈ ವಿಷಯ ಆ ಮನೆಯ ಅಕ್ಕನಿಗೂ ಗೊತ್ತಾಗುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ.

ಊರಿನ ಹೆಸರಿನ ಕಾಗುಣಿತವೂ ಇಂಥದ್ದೇ. ಇಂಗ್ಲಿಷಿನಲ್ಲಿ ಕೆಲವರು ಮುರ್ಡೇಶ್ವರ್ ಎಂದು, ಕೆಲವರು ಮುರುಡೇಶ್ವರ ಎಂದು, ಉತ್ತರದ ಕಡೆಯವರು ಇನ್ನೊಂದು ಬಗೆಯಲ್ಲಿ ಬರೆದು ಹುಡುಕುತ್ತಾರೆ. ಯಾವ ಕಾಗುಣಿತದಲ್ಲಿ ಹುಡುಕಿದವರು ಕೊನೆಗೆ ರೂಮ್ ತೆಗೆದುಕೊಂಡರು ಎಂದು ತಿಳಿಯಲು ಗೂಗಲ್ ಜಾಹೀರಾತಿನಲ್ಲೇ ವ್ಯವಸ್ಥೆ ಇದೆ. ಹುಡುಕಾಟಕ್ಕೆ ಹೊಂದಿದ ನಿಮ್ಮ ಜಾಹೀರಾತಿನ ಪದ, ಫೋನೋ ಕಂಪ್ಯೂಟರೋ ಎಂಬುದನ್ನು ಅದೇ ತುಂಬಿ ಕಳಿಸುತ್ತದೆ. ಪುಟದ ವಿಳಾಸ ಒಂದು ಕಡೆ, ಗುರುತಿನ ಅಚ್ಚು ಇನ್ನೊಂದು ಕಡೆ ಎಂದು ಗೂಗಲ್ ಇವೆರಡನ್ನು 2015ರಲ್ಲೇ ಬೇರ್ಪಡಿಸಿತು. ಹಾಗಾಗಿ ಗುರುತು ಬದಲಿಸಿದಾಗಲೆಲ್ಲ ಒಂದೊಂದು ಜಾಹೀರಾತಿನ ಲಿಂಕನ್ನೂ ತಿದ್ದುತ್ತ ಕೂರಬೇಕಿಲ್ಲ, ಇಡೀ ಖಾತೆಗೆ ಒಂದೇ ಕಡೆ ಅಚ್ಚು ಇಟ್ಟರೆ ಸಾಕು. ನಿಮ್ಮ ಜಾಹೀರಾತು ನೋಡಿಕೊಳ್ಳುವವರು ಇನ್ನೂ ಒಂದೊಂದನ್ನೇ ಕೈಯಲ್ಲಿ ಬರೆಯುತ್ತಿದ್ದರೆ, ತಪ್ಪು ನುಸುಳುವುದು ಅಲ್ಲಿಂದಲೇ.

ಈಗ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಭಾರವಾಗಿ ಕೂತಿರುವ ಮಾತಿಗೆ ಬರುತ್ತೇನೆ. ನೀವು ದುಡ್ಡು ಕೊಟ್ಟು ಹಾಕಿಸುವ ಲಿಂಕ್ ನಿಮ್ಮ ಹೆಸರಿನಲ್ಲಿ ಇರಬೇಕು.

2024ರ ಮಾರ್ಚ್ ನೆನಪು ಮಾಡಿಕೊಳ್ಳಿ. ಅದಕ್ಕೆ ಮೊದಲು ನಮ್ಮಲ್ಲಿ ಬಹಳ ಮಂದಿ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಪುಕ್ಕಟೆ ಸಿಗುತ್ತಿದ್ದ ಒಂದು ಪುಟದ ವೆಬ್‌ಸೈಟನ್ನೇ ನಂಬಿದ್ದೆವು. ಹೆಸರು, ನಕ್ಷೆ, ನಾಲ್ಕು ಫೋಟೊ, ಒಂದು ಫೋನ್ ಗುಂಡಿ. ಸಣ್ಣ ಮನೆಗೆ ಅಷ್ಟು ಸಾಕಾಗಿತ್ತು. ಬೋರ್ಡಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಅದೇ ವಿಳಾಸ ಅಚ್ಚು ಹಾಕಿಸಿದ್ದೆವು. ಗೂಗಲ್ ಆ ತಿಂಗಳು ಅವೆಲ್ಲವನ್ನೂ ಮುಚ್ಚಿತು. ಅವುಗಳಿಗೆ ಜೋಡಿಸಿದ್ದ ಜಾಹೀರಾತುಗಳು ಮಾರ್ಚ್ 1ರಿಂದಲೇ ನಿಂತವು. ಹಳೆಯ ವಿಳಾಸ ಒತ್ತಿದವರನ್ನು ಜೂನ್ 10ರವರೆಗೆ ಪ್ರೊಫೈಲ್‌ಗೆ ತಿರುಗಿಸುತ್ತಿದ್ದರು, ಅದರ ನಂತರ ಪುಟವೇ ಇಲ್ಲ. ಮೊದಲೇ ಇಮೇಲ್ ಬಂದಿತ್ತು. ಆದರೆ ಆ ಇಮೇಲ್ ಹೋದದ್ದು ಯಾರಿಗೆ? ಎಷ್ಟೋ ವರ್ಷದ ಹಿಂದೆ ಖಾತೆ ತೆರೆದುಕೊಟ್ಟು, ಈಗ ಗಲ್ಫಿನಲ್ಲಿರುವ ಅಳಿಯನ ಹಳೆಯ ಮೇಲ್‌ಗೆ. ಬೇಸಿಗೆ ರಜೆಯ ಎರಡು ತಿಂಗಳು ಹಾಗೆಯೇ ಕಳೆದವು.

ಅಂಚೆಚೀಟಿಯಷ್ಟು ಸಣ್ಣ ಲಿಂಕ್‌ಗಳ ಕಥೆಯೂ ಅದೇ. ಗೂಗಲ್‌ನ ಲಿಂಕ್ ಚಿಕ್ಕದು ಮಾಡುವ ಸೇವೆ ಹೊಸದನ್ನು ಕೊಡುವುದನ್ನು 2019ರಲ್ಲಿ ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ, ಬಹಳ ದಿನದಿಂದ ಯಾರೂ ಒತ್ತದೆ ಬಿದ್ದಿದ್ದ ಹಳೆಯವೂ ನಿಂತವು. ಹಳೆಯ ಅನಾಲಿಟಿಕ್ಸ್ 2023ರ ಜುಲೈ 1ಕ್ಕೆ ಎಣಿಸುವುದನ್ನು ಬಿಟ್ಟಿತು, ಮರುವರ್ಷ ಹಿಂದಿನ ಲೆಕ್ಕವೂ ಕೈಗೆ ಸಿಗದಂತಾಯಿತು. ಇವರನ್ನು ದೂರಿ ಫಲವಿಲ್ಲ. ಪುಕ್ಕಟೆ ಕೊಟ್ಟದ್ದನ್ನು ಅವರು ತಮಗೆ ಬೇಕಾದಾಗ ಎತ್ತಿಕೊಳ್ಳುತ್ತಾರೆ. ಆದರೆ ನಿಮ್ಮದೇ ಡೊಮೇನ್ ಹೆಸರು ಇದ್ದರೆ, ಒಳಗಿನ ಪುಟ ಎಲ್ಲಿಗೆ ಹೋದರೂ ಹೊರಗಿನ ವಿಳಾಸ ನಿಮ್ಮದೇ. ರಸ್ತೆ ಬದಿಯ ಬೋರ್ಡಿನಲ್ಲಿ, ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ನೀವು ಅಂಟಿಸಿದ ಕ್ಯೂಆರ್ ಚಿತ್ರ ಕೂಡ ಒಂದು ಲಿಂಕೇ. ಯಾವುದೋ ಪುಕ್ಕಟೆ ಆ್ಯಪ್‌ನಲ್ಲಿ ಮಾಡಿಸಿದ ಕ್ಯೂಆರ್, ಅವರ ಅವಧಿ ಮುಗಿದ ದಿನ, ಬೇರೆಯವರ ಜಾಹೀರಾತು ತೋರಿಸಲು ಶುರುಮಾಡಬಹುದು. ತಗಡಿನ ಬೋರ್ಡನ್ನು ಮತ್ತೆ ಬರೆಸುವ ಖರ್ಚು ನಿಮಗೆ ಗೊತ್ತು.

ಇದರಲ್ಲಿ ನನಗೊಂದು ನೋವಿನ ಅನುಭವವಿದೆ. ಸಂಬಂಧದಲ್ಲಿ ನನಗೆ ಮಾವನಾಗುವವರೊಬ್ಬರ ಲಾಡ್ಜಿನ ಜಾಹೀರಾತನ್ನು ಬೆಂಗಳೂರಿನ ಒಂದು ಏಜೆನ್ಸಿ ಮೂರು ವರ್ಷ ನೋಡಿಕೊಂಡಿತು. ಡೊಮೇನ್ ಏಜೆನ್ಸಿಯ ಹೆಸರಲ್ಲಿ, ಜಾಹೀರಾತಿನ ಖಾತೆ ಏಜೆನ್ಸಿಯದು, ಪುಟಕ್ಕೆ ಬಂದವರ ಲೆಕ್ಕ ಇಡುವ ಫೇಸ್‌ಬುಕ್‌ನ ಪಿಕ್ಸೆಲ್ ಕೂಡ ಅವರದೇ. ಬಿಡುತ್ತೇವೆ ಎಂದಾಗ ಅವರು ಜಗಳ ಮಾಡಲಿಲ್ಲ, ನವೀಕರಣದ ದುಡ್ಡು ಕಟ್ಟುವುದನ್ನು ನಿಲ್ಲಿಸಿದರು ಅಷ್ಟೇ. ಒಂದು ಬೆಳಿಗ್ಗೆ ಹೆಸರು ಹೋಯಿತು. ಮೂರು ವರ್ಷ ಯಾವ ಊರಿನವರು, ಯಾವ ತಿಂಗಳು, ಯಾವ ಪದ ಹುಡುಕಿ ಬಂದರು ಎಂಬ ಲೆಕ್ಕವೆಲ್ಲ ಅದರ ಜೊತೆಗೇ ಹೋಯಿತು. ಮಾವ ಕಟ್ಟಿದ್ದ ಲಾಡ್ಜ್ ಅಲ್ಲೇ ಇತ್ತು. ಅದರ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಬೇರೊಬ್ಬರ ಬುಕಿಂಗ್ ಪುಟ ಬರುತ್ತಿತ್ತು. ಮಾವ ಆ ದಿನ ಕೌಂಟರಿನ ಮೇಲೆ ಎರಡೂ ಕೈ ಊರಿ, ಫೋನನ್ನೇ ನೋಡುತ್ತ ಮಾತಿಲ್ಲದೆ ನಿಂತಿದ್ದನ್ನು ನಾನು ಮರೆಯಲಾರೆ.

ಏಜೆನ್ಸಿ ಇಟ್ಟುಕೊಳ್ಳಬೇಡಿ ಎನ್ನುತ್ತಿಲ್ಲ. ನನ್ನಂಥವರ ಹೊಟ್ಟೆಪಾಡೂ ಅದೇ. ಡೊಮೇನ್, ಜಾಹೀರಾತಿನ ಖಾತೆ, ಅನಾಲಿಟಿಕ್ಸ್ ಮೂರನ್ನೂ ನಿಮ್ಮ ಮೇಲ್‌ನಲ್ಲಿ, ನಿಮ್ಮ ಫೋನಿಗೆ ಒಟಿಪಿ ಬರುವಂತೆ ತೆರೆಯಿರಿ. ನಮಗೆ ಒಳಗೆ ಬಂದು ಕೆಲಸ ಮಾಡುವ ಅಧಿಕಾರ ಮಾತ್ರ ಕೊಡಿ. ಬೇಡ ಅನ್ನಿಸಿದ ದಿನ ತೆಗೆದುಹಾಕಿ. ಇದನ್ನು ಒಪ್ಪದವರಿಗೆ, ನನ್ನನ್ನೂ ಸೇರಿಸಿ, ಕೆಲಸ ಕೊಡಬೇಡಿ.

ಕಡಲಿನ ವಿಷಯಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಪಡುವಣ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಳೆಗಾಲದಲ್ಲಿ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಇಲ್ಲ. ದಡದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ಆ ಗುಡ್ಡದ ಕಡೆ ಆಗ ದೋಣಿ ಬಿಡುವ ಮಾತೇ ಇಲ್ಲ. ಇದು ನಮಗೆ ಹುಟ್ಟಿನಿಂದ ಗೊತ್ತು, ಹುಬ್ಬಳ್ಳಿಯಲ್ಲಿ ಕೂತು ಫೋನ್ ನೋಡುವವರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ನಿಮ್ಮ ಪುಟ ಹೇಳಿದ್ದಷ್ಟೇ. ಮೇ ತಿಂಗಳಲ್ಲಿ ಹಾಕಿದ ಡೈವಿಂಗ್ ಜಾಹೀರಾತನ್ನು ನಿಲ್ಲಿಸಲು ಮರೆತದ್ದರಿಂದ, ಜುಲೈನಲ್ಲಿ ಆರು ಜನ ಹುಡುಗರು ಮಳೆಯಲ್ಲಿ ನೆನೆಯುತ್ತ ಬಂದು ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದುಡ್ಡು ವಾಪಸ್ ಕೊಟ್ಟರೂ ಅವರು ಹೊತ್ತು ಹೋದ ಮಾತು ಇಡೀ ಊರಿನ ಮೇಲೆ ಬಿತ್ತು.

2024ರ ಡಿಸೆಂಬರ್ 10ರಂದು ಮುಳಬಾಗಿಲು ಕಡೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಿಂದ ಪ್ರವಾಸ ಬಂದ ನಾಲ್ವರು ಹೆಣ್ಣುಮಕ್ಕಳು ಇದೇ ಕಡಲಲ್ಲಿ ತೀರಿಕೊಂಡರು. ಊರಿಗೆ ಊರೇ ಮಾತು ಕಳೆದುಕೊಂಡಿತ್ತು. ಕಡಲತೀರವನ್ನು ಪ್ರವಾಸಿಗರಿಗೆ ಮುಚ್ಚಲಾಯಿತು. ಆ ದಿನಗಳಲ್ಲಿ ನಾನು ಮಾಡಿದ ಮೊದಲ ಕೆಲಸ ನನ್ನ ಕೈಯಲ್ಲಿದ್ದ ಎಲ್ಲ ಜಾಹೀರಾತುಗಳ ಪಟ್ಟಿ ತೆಗೆದದ್ದು. "ಅಲೆಗಳ ಜೊತೆ ಆಟವಾಡಿ" ಎಂದು ಬರೆದ ಜಾಹೀರಾತು ಒಂದಿತ್ತು. ಅದನ್ನು ಬರೆದವನು ನಾನೇ. ಅಂದಿನಿಂದ ಆ ಬಗೆಯ ಸಾಲನ್ನು ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ನಿಮ್ಮಲ್ಲಿ ಬೇಡಿಕೊಳ್ಳುವುದು ಇಷ್ಟು: ಕಡಲಿಗೆ ಸಂಬಂಧಿಸಿದ ಜಾಹೀರಾತು ಹೋಗಿ ಇಳಿಯುವ ಪುಟದ ನೆತ್ತಿಯ ಮೇಲೆ, ಬಾಡಿಗೆಗಿಂತಲೂ ಮೊದಲು, ಇವತ್ತು ಕಡಲಿಗೆ ಇಳಿಯಬಹುದೇ, ಜೀವರಕ್ಷಕರು ಯಾವ ಹೊತ್ತಿನವರೆಗೆ ಇರುತ್ತಾರೆ, ಎಲ್ಲಿ ಇಳಿಯಬಾರದು ಎಂದು ಬರೆಯಿರಿ. ಮಳೆಗಾಲ ಶುರುವಾಗುವ ದಿನ ಅದನ್ನು ಬದಲಿಸಿ. ಜಿಲ್ಲಾಡಳಿತ ತೀರ ಮುಚ್ಚಿದರೆ ಅದೇ ಗಂಟೆಯಲ್ಲಿ ಬದಲಿಸಿ. ಎಲ್ಲ ಜಾಹೀರಾತೂ ಒಂದೇ ಪುಟಕ್ಕೆ ಹೋಗುವಂತಿದ್ದರೆ ಒಂದೇ ಕಡೆ ತಿದ್ದಿದರೆ ಸಾಕು. ಹತ್ತು ಕಡೆ ಹತ್ತು ಪುಟ ಬಿಟ್ಟಿದ್ದರೆ ಒಂಬತ್ತು ಸುಳ್ಳು ಹೇಳುತ್ತಲೇ ಇರುತ್ತವೆ.

ಹೊನ್ನಾವರ, ಭಟ್ಕಳದವರಿಗೆ ಒಂದು ಮಾತು. ಮುರ್ಡೇಶ್ವರದ ಹೆಸರಲ್ಲಿ ಹುಡುಕಿದವರಿಗೆ ನಿಮ್ಮ ಜಾಹೀರಾತು ಕಾಣಲಿ, ತಪ್ಪಿಲ್ಲ. ಆದರೆ ಪುಟದಲ್ಲಿ ಎಷ್ಟು ದೂರ ಎಂದು ಬರೆಯಿರಿ. ಹೊನ್ನಾವರದಿಂದ ಇಲ್ಲಿಗೆ 25 ಕಿಲೋಮೀಟರಿಗೂ ಮೇಲಿದೆ. ಬೆಂಗಳೂರಿನಿಂದ ಮುರ್ಡೇಶ್ವರಕ್ಕೇ ಬಂದು ನಿಲ್ಲುವ ರೈಲಿನಲ್ಲಿ ಇಳಿದ ಮುದುಕರು, ರೂಮ್ ಶರಾವತಿಯ ಆಚೆ ಇದೆ ಎಂದು ರಿಕ್ಷಾದವನಿಂದ ತಿಳಿದರೆ ಅವರಿಗೆ ಹೇಗಾಗಬೇಡ? ಹೊನ್ನಾವರದವರಲ್ಲಿ ಶರಾವತಿಯ ಕಾಂಡ್ಲಾ ಕಾಡಿದೆ, ಕಾಸರಕೋಡಿನ ಕಡಲತೀರವಿದೆ, ಇಡಗುಂಜಿ ಹತ್ತಿರ. ಕುಮಟಾದವರಿಗೆ ಮಿರ್ಜಾನ ಕೋಟೆ, ಅಘನಾಶಿನಿ. ಅವನ್ನೇ ಪುಟದ ಮೊದಲ ಸಾಲಿನಲ್ಲಿ ಹೇಳಿದರೆ ಬರುವವರು ಬೇಕೆಂದೇ ಬರುತ್ತಾರೆ.

ಮೋಸದ ಪುಟಗಳ ಕಾಟವೂ ಇದೆ. ಯಾತ್ರಿಕರನ್ನು, ಪ್ರವಾಸಿಗರನ್ನು ಗುರಿಮಾಡಿ ನಕಲಿ ಬುಕಿಂಗ್ ವೆಬ್‌ಸೈಟುಗಳು ದುಡ್ಡು ಹೊಡೆಯುತ್ತಿವೆ ಎಂದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ವಿಭಾಗ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಹೊರಡಿಸಿತ್ತು. ವಾರಕ್ಕೊಮ್ಮೆ ನಿಮ್ಮ ಲಾಡ್ಜಿನ ಹೆಸರನ್ನು ಬೇರೆಯವರ ಫೋನಿನಲ್ಲಿ ಹುಡುಕಿ. ಮೇಲೆ ಬರುವ ದುಡ್ಡು ಕೊಟ್ಟ ಜಾಹೀರಾತು ನಿಮ್ಮದೇನಾ, ಅದರ ಫೋನ್ ನಂಬರು ನಿಮ್ಮದೇನಾ ನೋಡಿ. ಅಲ್ಲವಾದರೆ ಚಿತ್ರ ತೆಗೆದಿಟ್ಟುಕೊಂಡು ಗೂಗಲ್‌ಗೆ ದೂರು ಕೊಡಿ. ಯಾರಾದರೂ ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಗೂಗಲ್ ಜಾಹೀರಾತಿನಲ್ಲಿ ಕಾಣಿಸುವ ಡೊಮೇನ್ ಮತ್ತು ಹೋಗಿ ಇಳಿಯುವ ಡೊಮೇನ್ ಒಂದೇ ಆಗಿರಬೇಕೆಂಬ ನಿಯಮವಿದೆ. ನಿಮಗೆ ಸ್ವಂತ ಡೊಮೇನ್ ಇದ್ದರೆ ಅಸಲಿ ಯಾವುದು ಎಂದು ಗಿರಾಕಿಗೆ ಒಂದೇ ಮಾತಲ್ಲಿ ಹೇಳಬಹುದು.

ಗಿರಾಕಿಗಳ ಗುಟ್ಟನ್ನು ಕಾಯುವುದೂ ನಮ್ಮ ಕೆಲಸವೇ. ಕೆಲವರ ಬುಕಿಂಗ್ ಫಾರಂ ತುಂಬಿ ಒತ್ತಿದಾಗ ಹೆಸರು, ಫೋನ್ ನಂಬರು, ಬರುವ ದಿನ ಎಲ್ಲವೂ ಮುಂದಿನ ಪುಟದ ವಿಳಾಸದಲ್ಲೇ ಬಂದು ಕೂರುತ್ತವೆ. ವಿಳಾಸದ ಸಾಲನ್ನು ಒಮ್ಮೆ ಓದಿ ನೋಡಿ, ಕಾಣುತ್ತದೆ. ಆ ವಿಳಾಸ ಹಾಗೇ ಅನಾಲಿಟಿಕ್ಸ್‌ಗೂ ಪಿಕ್ಸೆಲ್‌ಗೂ ಹೋಗುತ್ತದೆ. ಒಬ್ಬ ಹೆಣ್ಣುಮಗಳು ಯಾವ ರಾತ್ರಿ ಯಾವ ಲಾಡ್ಜಿನಲ್ಲಿ ಇರುತ್ತಾಳೆ ಎಂಬುದು ನಮ್ಮ ರಿಜಿಸ್ಟರಿನ ಹೊರಗೆ ಹೋಗಬಾರದ ಮಾತು. ಗೂಗಲ್‌ನ ನಿಯಮವೂ ಇದನ್ನು ಒಪ್ಪುವುದಿಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ನಿಯಮಗಳೂ ಹೊರಬಿದ್ದು ಹಂತಹಂತವಾಗಿ ಜಾರಿಗೆ ಬರುತ್ತಿವೆ. ಫಾರಂ ಮಾಡಿದವರಿಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಸರಿಮಾಡಿಕೊಡುತ್ತಾರೆ. ಹೇಳಬೇಕು, ಅಷ್ಟೇ.

ಎಷ್ಟೇ ಗುರುತು ಕಟ್ಟಿದರೂ ಎಲ್ಲರೂ ಲೆಕ್ಕಕ್ಕೆ ಸಿಗುವುದಿಲ್ಲ. 2021ರ ಏಪ್ರಿಲ್‌ನಿಂದ ಆ್ಯಪಲ್ ಫೋನುಗಳು, ನಿಮ್ಮನ್ನು ಹಿಂಬಾಲಿಸಬಹುದೇ ಎಂದು ಮೊದಲು ಕೇಳುತ್ತವೆ, ಬಹಳ ಜನ ಬೇಡ ಎನ್ನುತ್ತಾರೆ. ಅದು ಅವರ ಹಕ್ಕು. ಗಂಡ ಆಫೀಸಿನಲ್ಲಿ ಲಿಂಕ್ ಒತ್ತುತ್ತಾನೆ, ಹೆಂಡತಿ ರಾತ್ರಿ ತನ್ನ ಫೋನಿನಿಂದ ಕರೆ ಮಾಡುತ್ತಾಳೆ. ಅದಕ್ಕೆ ಯಾವ ಪಿಕ್ಸೆಲ್ಲೂ ಉತ್ತರವಲ್ಲ. ನಮ್ಮ ಹಳೆಯ ಪದ್ಧತಿಯೇ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಫೋನ್ ಎತ್ತಿದ ಹುಡುಗ "ಎಲ್ಲಿ ನೋಡಿ ಮಾಡಿದ್ರಿ?" ಎಂದು ಒಂದು ಮಾತು ಕೇಳಿ ರಿಜಿಸ್ಟರಿನ ಅಂಚಿನಲ್ಲಿ ಬರೆಯಲಿ. ವಾಟ್ಸಾಪ್ ಲಿಂಕಿನಲ್ಲಿ ಗಿರಾಕಿ ಕಳಿಸುವ ಮೊದಲ ಸಾಲನ್ನು ನಾವೇ ಬರೆದಿಡಬಹುದು. ಫೇಸ್‌ಬುಕ್‌ಗೆ ಹಾಕುವ ಲಿಂಕಿನಲ್ಲಿ "ನಮಸ್ಕಾರ, ಫೇಸ್‌ಬುಕ್‌ನಲ್ಲಿ ನೋಡಿದೆ, ರೂಮ್ ಬೇಕಿತ್ತು" ಎಂದಿರಲಿ, ಬೋರ್ಡಿನ ಕ್ಯೂಆರ್‌ಗೆ ಬೇರೆ ಸಾಲು. ಒಂದು ಎಚ್ಚರ: ವಾಟ್ಸಾಪ್ ಲಿಂಕಿನಲ್ಲಿ ನಂಬರಿನ ಮುಂದೆ 91 ಇರಬೇಕು, ಪ್ಲಸ್ ಚಿಹ್ನೆಯಾಗಲಿ ಸೊನ್ನೆಯಾಗಲಿ ಇರಬಾರದು. ಮೂರು ಮನೆಗಳಲ್ಲಿ ಈ ಸೊನ್ನೆಯನ್ನು ನಾನೇ ತೆಗೆದಿದ್ದೇನೆ.

ದಿನಕ್ಕೆ 300 ರೂಪಾಯಿ ಜಾಹೀರಾತಿಗೆ ಹಾಕುತ್ತೀರಿ ಎಂದುಕೊಳ್ಳಿ. ತಿಂಗಳಿಗೆ 9,000. ಗದ್ದೆಗೆ ನೀರು ಬಿಟ್ಟು ಬದು ಒಡೆದಿದೆಯೇ ಎಂದು ನೋಡದೆ ನಮ್ಮ ಹಿರಿಯರು ಮಲಗಲು ಹೋಗುತ್ತಿರಲಿಲ್ಲ. ಹಾಗೆಯೇ, ಪ್ರತಿ ಸೋಮವಾರ ಬೆಳಿಗ್ಗೆ, ರೂಮ್‌ಗಳು ಖಾಲಿಯಾಗಿ ಹಾಸಿಗೆ ಬಟ್ಟೆ ಒಗೆಯಲು ಹೋದ ಹೊತ್ತಿನಲ್ಲಿ, ನಿಮ್ಮ ಒಂದೊಂದು ಲಿಂಕನ್ನೂ ವೈಫೈ ಬಂದ್ ಮಾಡಿ, ಮೊಬೈಲ್ ಸಿಗ್ನಲ್ಲಿನಲ್ಲೇ ಒತ್ತಿ ನೋಡಿ. ಜಾಹೀರಾತನ್ನೇ ಒತ್ತಬೇಡಿ, ಅದಕ್ಕೆ ದುಡ್ಡು ಹೋಗುತ್ತದೆ; ಬರೆದಿಟ್ಟ ಲಿಂಕನ್ನು ಒತ್ತಿ. ಬರೆದಿಡಲು ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು: ಲಿಂಕ್, ಎಲ್ಲಿ ಹಾಕಿದೆ, ಯಾವ ದಿನ ಹಾಕಿದೆ, ಯಾವ ದಿನ ನಿಲ್ಲಿಸಬೇಕು.

ಈ ಜೂನ್‌ನಲ್ಲಿ ದೋಣಿಗಳು ದಡಕ್ಕೆ ಬಂದು ಮಡ್ಲು ಹೊದಿಸಿಕೊಂಡ ಮೇಲೆ ನಮಗೆಲ್ಲ ಸ್ವಲ್ಪ ಬಿಡುವು ಸಿಗುತ್ತದೆ. ಮೊದಲ ಭಾನುವಾರ ಸಂಜೆ ನಾಲ್ಕು ಗಂಟೆಗೆ ನಾನು ನಮ್ಮ ಮನೆಯ ಜಗಲಿಯಲ್ಲಿ ಕೂತಿರುತ್ತೇನೆ. ದುಡ್ಡು ಬೇಡ. ಫೋನ್, ಆ ನೋಟ್‌ಬುಕ್, ಡೊಮೇನ್ ಯಾರ ಹೆಸರಲ್ಲಿದೆ ಎಂಬ ಮಾಹಿತಿ ತನ್ನಿ. ಪಾಸ್‌ವರ್ಡ್ ನನಗೂ ಹೇಳಬೇಡಿ, ನೀವೇ ಒತ್ತಿ. ಭಟ್ಕಳದವರು ಬೇಗ ಬಂದರೆ ಬೇಗ ಮುಗಿಸಿ ಕಳಿಸುತ್ತೇನೆ, ಕುಮಟಾದವರಿಗೆ ದೂರವಾದರೆ ಮರುವಾರ ನಾನೇ ಬರುತ್ತೇನೆ. ಕಡಲ ಸ್ಥಿತಿ ತಿಳಿಸಲು ನಾವೆಲ್ಲ ಸೇರಿ ಒಂದೇ ಪುಟ ಇಟ್ಟುಕೊಂಡು, ಎಲ್ಲರ ಜಾಹೀರಾತಿನ ಪುಟದಿಂದಲೂ ಅದಕ್ಕೊಂದು ಲಿಂಕ್ ಕೊಡಬಹುದೇ ಎಂಬುದನ್ನೂ ಅಂದೇ ಮಾತಾಡೋಣ. ಅದನ್ನು ದಿನವೂ ಬೆಳಿಗ್ಗೆ ಆರಕ್ಕೆ ತಿದ್ದುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ.

ಇತಿ ನಿಮ್ಮವನೇ ಆದ,
ಮುರ್ಡೇಶ್ವರದ ಒಬ್ಬ ಜಾಹೀರಾತು ಕೆಲಸಗಾರ